ಕ್ಲಚ್ ಬಿಟ್ಟ ಕೈ

ಗೋಪಿ ಸರ್ಕಲ್ಲಿನಲ್ಲಿ ಕೆಂಪು ದೀಪ ಹತ್ತಿದ ಕೂಡಲೇ ತಲೆಗಳು ಬಾಗುತ್ತವೆ. ಊರಿಗೆ ಹೊಸದಾಗಿ ಬಂದವರು ನೋಡಿದರೆ ಇದೇನೋ ಸಾಮೂಹಿಕ ಪ್ರಾರ್ಥನೆ ಇರಬೇಕು ಎಂದುಕೊಂಡಾರು. ಬೈಕಿನವನು ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಬಾಗುತ್ತಾನೆ. ಕಾರಿನವನು ಯಾರಿಗೂ ಕಾಣದು ಎಂಬ ಧೈರ್ಯದಲ್ಲಿ ಸ್ಟೇರಿಂಗಿನ ಕೆಳಕ್ಕೆ ಬಾಗುತ್ತಾನೆ. ಸ್ಕೂಟರಿನ ಮೇಡಂ ಒಬ್ಬರು ವ್ಯಾನಿಟಿ ಬ್ಯಾಗಿನೊಳಕ್ಕೇ ಬಾಗುತ್ತಾರೆ. ಖಾಸಗಿ ಬಸ್ಸಿನ ಡ್ರೈವರು ಮಾತ್ರ ಬಾಗುವುದಿಲ್ಲ. ಅವನ ಫೋನು ಮುಂದಿನ ಗಾಜಿಗೇ ಅಂಟಿಕೊಂಡಿದೆ, ಅದರಲ್ಲಿ ಯಾರೋ ಯಾರಿಗೋ ಬಿರಿಯಾನಿ ಮಾಡುವುದನ್ನು ಕಲಿಸುತ್ತಿರುತ್ತಾರೆ. ತೊಂಬತ್ತರಿಂದ ಅಂಕಿ ಇಳಿಯುತ್ತಾ ಬರುತ್ತದೆ. ಸೊನ್ನೆಯಾದ ಮೇಲೂ ತಲೆ ಎತ್ತದವರನ್ನು ಹಿಂದಿನವರ ಹಾರ್ನು ಎಬ್ಬಿಸುತ್ತದೆ.

ಈ ಬಾಗಿದ ತಲೆಗಳ ನಡುವೆ ಆಟೋ ಡ್ರೈವರ್ ಪೀರ್ ಬಾಷಾನದು ಬೇರೆಯೇ ನಮೂನೆ. ತಲೆ ನೆಟ್ಟಗೆ, ಕೈಗಳೆರಡೂ ಗಾಳಿಯಲ್ಲಿ. ಹ್ಯಾಂಡಲ್ಲಿಗೆ ಸಿಕ್ಕಿಸಿದ ಸ್ಟ್ಯಾಂಡಿನಲ್ಲಿ ಫೋನು, ಅದರ ಮುಂದೆ ಅವನ ಬೆರಳುಗಳು ಹಿಟ್ಟು ನಾದಿದಂತೆ, ದಾರ ಎಳೆದಂತೆ, ಕಾಗೆ ಓಡಿಸಿದಂತೆ ಆಡುತ್ತವೆ. ಮೊದಲ ಸಲ ಕಂಡವರು ಯಾರ ಜೊತೆಯೋ ಜಗಳಕ್ಕೆ ಬಿದ್ದಿದ್ದಾನೆ ಎಂದುಕೊಳ್ಳುತ್ತಿದ್ದರು. ಟ್ರಾಫಿಕ್ ಪೇದೆ ಆನಂದ ಒಮ್ಮೆ ಆ ಸನ್ನೆಗಳೆಲ್ಲ ತನಗೇ ಎಂದು ತಿಳಿದು ಸೀಟಿ ಊದಿಕೊಂಡು ಬಂದಿದ್ದ.

"ಏನ್ರೀ ಅದು, ನನಗೇ ಕೈ ತೋರಿಸ್ತೀರಾ?"

"ನಿಮಗಲ್ಲ ಸರ್, ನಮ್ಮನೆಯವಳಿಗೆ. ಅವಳಿಗೆ ಕಿವಿ ಕೇಳಲ್ಲ, ಮಾತೂ ಬರಲ್ಲ. ನಾವು ಹಿಂಗೇ ಮಾತಾಡೋದು."

ಆನಂದ ಅನುಮಾನದಿಂದಲೇ ಫೋನಿನೊಳಗೆ ಇಣುಕಿದ. ಅಲ್ಲಿದ್ದ ಹೆಂಗಸು ದುಪ್ಪಟ್ಟ ಸರಿಮಾಡಿಕೊಂಡು ಅವನಿಗೊಂದು ಸಲಾಮು ಹಾಕಿದಳು. ಸಲಾಮು ಹಾಕಿದವರ ಮೇಲೆ ಸೀಟಿ ಊದುವುದು ಹೇಗೆಂದು ಅವನಿಗೆ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. "ಬೇಗ ಮುಗಿಸ್ರಿ ಮತ್ತೆ," ಎಂದು ಹೇಳಿ ಬಿಸಿಲಿಗೆ ವಾಪಸಾದ.

ಪೀರ್ ಬಾಷಾನ ಹೆಂಡತಿ ಕರೀಮಾಬಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಭದ್ರಾವತಿಯ ಅನ್ವರ್ ಕಾಲೋನಿಯಲ್ಲಿ ಅವರ ಮನೆ. ಮಕ್ಕಳಿಲ್ಲ. ಅವಳು ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಹೊಸಮನೆ ಬಡಾವಣೆಯ ಮೇಡಂಗಳು ಕೂಡ ಹುಡುಕಿಕೊಂಡು ಬರುವಷ್ಟು ಅಚ್ಚುಕಟ್ಟು ಕೆಲಸ. ಅವಳ ಸನ್ನೆಗಳು ಯಾವ ಶಾಲೆಯವೂ ಅಲ್ಲ. ಅಮ್ಮನ ಜೊತೆ ಸೇರಿ ಮಾಡಿಕೊಂಡವು ಕೆಲವು, ಮದುವೆಯಾದ ಮೇಲೆ ಗಂಡನ ಜೊತೆ ಸೇರಿ ಮಾಡಿಕೊಂಡವು ಹಲವು. ಭದ್ರಾವತಿ ಎಂದರೆ ತೋರುಬೆರಳು ನಿಲ್ಲಿಸಿ ಅದರ ತುದಿಯಲ್ಲಿ ಹೊಗೆ ಸುತ್ತಿಸುವುದು, ಕಾರ್ಖಾನೆಯ ಚಿಮಣಿ. ನಿಜವಾದ ಚಿಮಣಿಯಲ್ಲಿ ಹೊಗೆ ಕಮ್ಮಿಯಾಗಿ ಎಷ್ಟೋ ಕಾಲವಾಯಿತು, ಅವಳ ಬೆರಳಿನ ಮೇಲೆ ಮಾತ್ರ ಇನ್ನೂ ನಿಂತಿಲ್ಲ. ಭಾನುವಾರ ಎಂದರೆ ಅಂಗೈ ಮೇಲೆ ಕೆನ್ನೆ ಇಟ್ಟು ಕಣ್ಣು ಮುಚ್ಚುವುದು, ಗಂಡ ಒಂಬತ್ತರವರೆಗೆ ಮಲಗುವ ದಿನ. ಶುಕ್ರವಾರ ಎಂದರೆ ನಮಾಜಿನ ದುವಾಕ್ಕೆ ಹಿಡಿದಂತೆ ಎರಡೂ ಅಂಗೈ ಎದೆಯ ಮುಂದೆ ತೆರೆಯುವುದು. ಅವಳ ತಾಯಿ ಹೋದ ಮೇಲೆ ಈ ಭಾಷೆ ಬಲ್ಲವನು ಭೂಮಿಯ ಮೇಲೆ ಪೀರ್ ಬಾಷಾ ಒಬ್ಬನೇ.

ತಾಯಿ ಹೋದ ದಿನವನ್ನು ಅವನು ಮರೆತಿಲ್ಲ. ಅವನ ಆಟೋ ಇರುವುದು ಶಿವಮೊಗ್ಗದಲ್ಲಿ, ಗೆಳೆಯ ಮುನ್ನಾನ ಗ್ಯಾರೇಜಿನ ಮುಂದೆ. ಬೆಳಿಗ್ಗೆ ಬಸ್ಸಿಗೆ ಬಂದು ಆಟೋ ತೆಗೆದರೆ ಮತ್ತೆ ಮನೆ ಸೇರುವುದು ಕತ್ತಲಾದ ಮೇಲೆ. ಅಂದು ಮಧ್ಯಾಹ್ನ ಪಕ್ಕದ ಮನೆಯವರು ಫೋನು ಮಾಡಿ, "ನಿಮ್ಮವಳು ಏನೋ ಹೇಳ್ತಿದ್ದಾಳೆ, ಅಳ್ತಿದ್ದಾಳೆ, ಏನೂಂತ ಗೊತ್ತಾಗ್ತಿಲ್ಲ" ಎಂದಿದ್ದರು. ಅದು ಏನೆಂದು ಅವನಿಗೆ ಗೊತ್ತಾಗಿದ್ದು ಎರಡು ಗಂಟೆ ಕಳೆದು ಮನೆ ಬಾಗಿಲಿಗೆ ಬಂದಾಗ. ಒಳಗೆ ತಾಯಿ ಮಲಗಿದಲ್ಲೇ ಹೋಗಿದ್ದಳು, ನೋಡಿದವರು ನಿದ್ದೆ ಎಂದುಕೊಂಡಿದ್ದರು. ಆ ಎರಡು ಗಂಟೆ ಅವಳು ತನ್ನ ದುಃಖವನ್ನು ಯಾರಿಗೂ ಹೇಳಲಾಗದೆ ಬೀದಿಯಲ್ಲಿ ನಿಂತಿದ್ದಳು.

ಹಾಗಾಗಿ ಮುಖ ಕಾಣುವ ಫೋನು ಮನೆಗೆ ಬಂದದ್ದು ಅವರಿಬ್ಬರ ಮಟ್ಟಿಗೆ ಎರಡನೇ ಮದುವೆಯ ಹಾಗೆಯೇ ಆಯಿತು. ಮದುವೆಯಾಗಿ ಹದಿನಾರು ವರ್ಷಕ್ಕೆ ಮೊದಲ ಬಾರಿ ದುಡಿಮೆಯ ದಿನದ ಹಗಲಿನಲ್ಲಿ ಮಾತಾಡಿದರು. ಬಾಡಿಗೆ ಓಡುವಾಗ ಆಗದು. ಆಟೋ ಸ್ಟ್ಯಾಂಡಿನಲ್ಲಿ ಮಾತಿಗೆ ಕೂತರೆ ಸರದಿ ತಪ್ಪುತ್ತದೆ. ಉಳಿದದ್ದು ಸಿಗ್ನಲ್ಲು. ಎರಡು ವರ್ಷದಿಂದ ಶಿವಮೊಗ್ಗದ ಪ್ರತಿ ಕೆಂಪು ದೀಪವೂ ಅವನಿಗೆ ಸಂಸಾರ ಮಾಡುವ ಜಾಗವಾಗಿತ್ತು.

"ಬಾಷಾ, ಎರಡೂ ಕೈ ಬಿಟ್ಟು ಕೂರೋ ಡ್ರೈವರ್ ಇಡೀ ಜಿಲ್ಲೆಗೆ ನೀನೊಬ್ನೇ ಮಾರಾಯ," ಎಂದು ಖಾಯಂ ಗಿರಾಕಿಯೊಬ್ಬರು ಹಿಂದಿನಿಂದ ಗೊಣಗಿದ್ದರು.

"ಗಾಡಿ ನಿಂತಿದೆಯಲ್ಲ ಸರ್. ನಿಂತಿರೋ ಗಾಡಿಗೂ ಮನೆಗೂ ಏನ್ ವ್ಯತ್ಯಾಸ?"

ಅದು ಬರೀ ಬಾಯಿಮಾತಲ್ಲ. ಆಟೋದಲ್ಲಿ ಕ್ಲಚ್ಚೂ ಗೇರೂ ಎರಡೂ ಎಡಗೈಯಲ್ಲೇ. ಗೇರಿನಲ್ಲಿದ್ದಾಗ ಕ್ಲಚ್ ಬಿಟ್ಟರೆ ಗಾಡಿ ಹಾರುತ್ತದೆ. ಅದಕ್ಕೇ ಅವನು ಮೊದಲು ನ್ಯೂಟ್ರಲ್ ಮಾಡುತ್ತಿದ್ದ, ಆಮೇಲೆ ಕೈ ಬಿಡುತ್ತಿದ್ದ. ಅಂಕಿ ಹತ್ತಕ್ಕೆ ಬಂದಾಗ ಹೆಂಡತಿಗೆ ಸಲಾಮು ಹೇಳಿ, ಕ್ಲಚ್ ಒತ್ತಿ, ಮೊದಲ ಗೇರಿಗೆ ತಿರುಗಿಸಿ ಕಾಯುತ್ತಿದ್ದ. ಎರಡು ವರ್ಷ ಈ ಕ್ರಮ ಒಂದು ದಿನವೂ ತಪ್ಪಿರಲಿಲ್ಲ.

ತಪ್ಪಿದ್ದು ಒಂದು ಬುಧವಾರ ಮಧ್ಯಾಹ್ನ. ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಫೋನಿನಲ್ಲಿ ಕರೀಮಾಬಿಯ ಜೊತೆ ಸೀರೆ ಹಿಡಿದ ಗಿರಾಕಿಯೊಬ್ಬರು ನಿಂತಿದ್ದರು. ಅವರು ಹೇಳುವುದು ಇವಳಿಗೆ ತಿಳಿಯದು, ಇವಳ ಸನ್ನೆ ಅವರಿಗೆ ತಿಳಿಯದು. ಇಂಥ ಹೊತ್ತಿನಲ್ಲಿ ಕರೀಮಾಬಿ ಫೋನನ್ನು ಗಿರಾಕಿಯ ಮುಖಕ್ಕೆ ಹಿಡಿಯುತ್ತಿದ್ದಳು, ಪೀರ್ ಬಾಷಾ ಸರ್ಕಲ್ಲಿನಲ್ಲಿ ಕೂತೇ ದುಭಾಷಿಯ ಕೆಲಸ ಮಾಡುತ್ತಿದ್ದ. ಬಣ್ಣದ ಮಾತು ಮುಗಿಯಿತು, ದಾರದ ಮಾತು ಮುಗಿಯಿತು. ಅಂಕಿ ಹತ್ತಕ್ಕೆ ಇಳಿಯಿತು. ಅವನು ಕ್ಲಚ್ ಒತ್ತಿ ಗೇರು ಹಾಕಿದ.

"ಬಾಷಾ ಅವ್ರೇ, ಶುಕ್ರವಾರ ಬೇಕೇ ಬೇಕು ಅಂತ ಹೇಳ್ಬಿಡಿ, ಮದುವೆಗೆ ಹೋಗ್ಬೇಕು," ಎಂದರು ಗಿರಾಕಿ. ಫೋನು ತಿರುಗಿತು. ಕರೀಮಾಬಿಯ ಹುಬ್ಬು ಮೇಲೇರಿತ್ತು: ಯಾವತ್ತು?

ಬಾಯಲ್ಲಿ ಮಾತಾಡುವವರು ಶುಕ್ರವಾರ ಎಂದು ಹೇಳಲು ಏನನ್ನೂ ಬಿಡಬೇಕಾಗಿಲ್ಲ. ಪೀರ್ ಬಾಷಾನ ಎರಡೂ ಕೈಗಳು ಹ್ಯಾಂಡಲ್ ಬಿಟ್ಟು, ಅವನನ್ನು ಒಂದು ಮಾತೂ ಕೇಳದೆ, ಎದೆಯ ಮುಂದೆ ಅಂಗೈ ತೆರೆದವು.

ಆಟೋ ಒಮ್ಮೆ ಮುಂದಕ್ಕೆ ಜಿಗಿದು ಎಂಜಿನ್ ಆಫಾಗಿ ನಿಂತಿತು. ಮೂರಡಿ, ಹೆಚ್ಚೆಂದರೆ ನಾಲ್ಕಡಿ. ಆ ನಾಲ್ಕಡಿಯೊಳಗೆ ಬಿಳಿ ಪಟ್ಟೆಯ ಮೇಲೆ ಒಬ್ಬ ವಯಸ್ಸಾದ ಹೆಂಗಸು ಸೊಪ್ಪಿನ ಬುಟ್ಟಿ ಹೊತ್ತು ದಾಟುತ್ತಿದ್ದಳು. ಇನ್ನು ಎರಡು ಹೆಜ್ಜೆ ಹಾಕಿದ್ದರೆ ಫುಟ್‌ಪಾತು. ಮುಂದಿನ ಚಕ್ರ ತಾಗಿ ಅವಳು ಬಲಗೈ ಊರಿ ಬಿದ್ದಳು. ಹರಿವೆ, ಮೆಂತ್ಯ, ಸಬ್ಬಸಿಗೆಯ ಕಟ್ಟುಗಳು ರಸ್ತೆ ತುಂಬ ಉರುಳಿದವು. ಅಷ್ಟರಲ್ಲಿ ದೀಪ ಹಸಿರಾಯಿತು. ಬಾಗಿದ್ದ ತಲೆಗಳೆಲ್ಲ ಎದ್ದು, ಏನಾಯಿತೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಎಲ್ಲರೂ ಹಾರ್ನು ಹೊಡೆದರು.

ಆನಂದ ಓಡಿ ಬಂದ. "ಏನ್ರೀ ಆಯ್ತು?"

"ಕ್ಲಚ್ ಕೇಬಲ್ ಸರ್. ಕಟ್ಟಾಯ್ತು."

ಸುಳ್ಳು ಎಲ್ಲಿಂದ ಬಂತೆಂದು ಪೀರ್ ಬಾಷಾನಿಗೇ ತಿಳಿಯಲಿಲ್ಲ. ಕೈಗಳ ಹಾಗೆ ಅದೂ ಅವನನ್ನು ಕೇಳದೆ ಹೊರಟಿತ್ತು. ಹ್ಯಾಂಡಲ್ಲಿನ ಸ್ಟ್ಯಾಂಡಿನಲ್ಲಿ ಕರೀಮಾಬಿಯ ಮುಖ ಪರದೆ ತುಂಬ ಹತ್ತಿರ ಬಂದು, ಕಣ್ಣು ಅಗಲಿಸಿ ನೋಡುತ್ತಿತ್ತು. ಅವನು ಫೋನನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ಆನಂದ ಹೆಂಗಸನ್ನು ಎಬ್ಬಿಸಿ ಕೂರಿಸುತ್ತಾ, "ಅಜ್ಜಿ, ಐದು ಸೆಕೆಂಡ್ ಇರುವಾಗ ಯಾಕ್ ದಾಟ್ತೀರಾ? ಕಣ್ಣು ಕಾಣಲ್ವಾ ನಿಮಗೆ?" ಎಂದ.

"ಇನ್ನೂ ಟೈಮ್ ಇತ್ತಲ್ಲಪ್ಪ," ಎಂದಳು ಅವಳು. ಆಮೇಲೆ ಸುತ್ತ ನೆರೆದವರ ಮುಖ ನೋಡಿ, ಅಷ್ಟು ಗಟ್ಟಿಯಿಲ್ಲದ ದನಿಯಲ್ಲಿ, "ಇತ್ತು ಅಂದ್ಕೊಂಡೆ," ಎಂದಳು.

ಕೇಬಲ್ ಕಟ್ಟಾಗಿದೆ ಎಂದ ಮೇಲೆ ತನ್ನ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ಯುವಂತಿರಲಿಲ್ಲ. ಪೀರ್ ಬಾಷಾ ಚೆನ್ನಾಗಿಯೇ ಇದ್ದ ಗಾಡಿಯನ್ನು ಬೆವರು ಸುರಿಸಿಕೊಂಡು ಬದಿಗೆ ತಳ್ಳಿ, ಬೇರೆ ಆಟೋ ಕೂಗಿ, ಅವಳನ್ನು ಹತ್ತಿಸಿಕೊಂಡು ಹೋದ. ಅವಳ ಹೆಸರು ಉಚ್ಚಂಗಮ್ಮ, ಊರು ಸೋಗಾನೆ. ಮಣಿಕಟ್ಟಿನ ಮೂಳೆ ಮುರಿದಿತ್ತು. ಸಿಮೆಂಟ್ ಪಟ್ಟಿ ಹಾಕುವ ಹೊತ್ತಿಗೆ ಮಗ ಯೋಗೇಶ್ ಬಂದ. ಅವನು ಜಗಳಕ್ಕೆ ನಿಲ್ಲುತ್ತಾನೆ ಎಂದು ಪೀರ್ ಬಾಷಾ ಮೈ ಗಟ್ಟಿ ಮಾಡಿಕೊಂಡಿದ್ದ. ಯೋಗೇಶ್ ಕೈ ಮುಗಿದ.

"ನೀವಾಗಿದ್ದಕ್ಕೆ ಕರ್ಕೊಂಡ್ ಬಂದ್ರಿ ಸಾಬ್ರೇ. ಬೇರೆಯವ್ರಾಗಿದ್ರೆ ಗಾಡಿ ತಗೊಂಡು ಹೋಗ್ತಾ ಇರೋರು. ಗಾಡಿ ಕೈಕೊಟ್ರೆ ನೀವಾದ್ರೂ ಏನ್ ಮಾಡ್ತೀರಾ." ಆಮೇಲೆ ತಾಯಿಯ ಕಡೆ ತಿರುಗಿದ. "ನಾನೂ ನಿನ್ ಸೊಸೇನೂ ಎಷ್ಟು ಸಲ ಹೇಳಿದ್ದೀವಿ ನಿಂಗೆ? ಇನ್ಮೇಲೆ ಪೇಟೆ ಕಡೆ ತಲೆ ಹಾಕೋದು ಬೇಡ. ವಯಸ್ಸಾಯ್ತು, ದೀಪ ಯಾವ್ದು ಏನು ಅಂತ ಕಾಣಲ್ಲ."

ಉಚ್ಚಂಗಮ್ಮ ಬಾಯಿ ತೆರೆದು, ಮುಚ್ಚಿದಳು. ಆ ಮುಚ್ಚಿದ ಬಾಯಿಯನ್ನು ನೋಡುತ್ತಾ ಪೀರ್ ಬಾಷಾನೂ ಏನೂ ಹೇಳಲಿಲ್ಲ.

ಸಂಜೆ ಮುನ್ನಾ ಆಟೋದ ಕ್ಲಚ್ಚನ್ನು ಹತ್ತು ಸಲ ಒತ್ತಿ ಬಿಟ್ಟು ನೋಡಿದ. "ಕೇಬಲ್ ಎಲ್ಲಿ ಕಟ್ಟಾಗಿದೆ ಭಾಯ್? ಇದಕ್ಕೆ ಇನ್ನೂ ಎರಡು ವರ್ಷ ಆಯಸ್ಸಿದೆ."

"ಇರ್ಲಿ, ಬದಲಾಯಿಸ್ಬಿಡು."

ಮುನ್ನಾ ಒಂದು ಕ್ಷಣ ಅವನ ಮುಖ ನೋಡಿದ. ಆಮೇಲೆ ಒಳ್ಳೆಯ ಕೇಬಲ್ ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕುತ್ತಾ, "ಪಾಪ, ಇದಕ್ಕೆ ಬಾಯಿಲ್ಲ," ಎಂದ. "ಏನ್ ತಪ್ಪು ಹೊರಿಸಿದ್ರೂ ಹೊತ್ಕೊಳ್ಳುತ್ತೆ."

ಮನೆಗೆ ಬಂದಾಗ ಕರೀಮಾಬಿ ಬಾಗಿಲಲ್ಲೇ ನಿಂತಿದ್ದಳು. ಯಾರು, ಎಷ್ಟು ಪೆಟ್ಟು, ಬದುಕಿದ್ದಾರಾ: ಅವಳ ಕೈಗಳು ಒಂದರ ಮೇಲೊಂದು ಬಿದ್ದವು. ಅವನು ಹೇಳಿದ. ಮಣಿಕಟ್ಟು ಮುರಿದಿದೆ, ಕೂಡಿಕೊಳ್ಳುತ್ತದೆ. ಪೊಲೀಸು ಕೇಸು ಏನೂ ಇಲ್ಲ, ಕೇಬಲ್ ಕಟ್ಟಾಯಿತು ಎಂದು ಹೇಳಿದ್ದೇನೆ. ಕರೀಮಾಬಿಯ ಕೈಗಳು ನಿಂತವು. ಅಂಗೈ ತೆರೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ನಡೆದದ್ದು ಏನೆಂದು ಬಲ್ಲ ಸಾಕ್ಷಿ ಜಗತ್ತಿನಲ್ಲಿ ಇವಳೊಬ್ಬಳೇ, ಇವಳ ಮಾತು ತಿಳಿಯುವುದು ತನಗೊಬ್ಬನಿಗೇ. ಈ ಲೆಕ್ಕ ಹೊಳೆದಾಗ ಪೀರ್ ಬಾಷಾನಿಗೆ ಮೊದಲು ನೆಮ್ಮದಿಯಾಯಿತು. ಆಮೇಲೆ, ನೆಮ್ಮದಿಯಾಯಿತಲ್ಲ ಎಂದು ಊಟ ಸೇರಲಿಲ್ಲ.

ಮರುದಿನ ಮೊದಲ ಸಿಗ್ನಲ್ಲಿನಲ್ಲಿ ಕರೆ ಮಾಡಿದ. ಅವಳು ಎತ್ತಿದಳು, ಅವನ ಹಿಂದೆ ಬಸ್ಸು ಕಂಡ ಕೂಡಲೇ ಫೋನು ಬೋರಲು ಮಲಗಿತು. ಎರಡನೇ ಸಿಗ್ನಲ್ಲಿನಲ್ಲೂ ಅಷ್ಟೇ. ವಾರವಿಡೀ ಹೀಗೇ ಆಯಿತು. ಅವನಿಗೆ ಕಂಡದ್ದು ಅವರ ಮನೆಯ ಟೇಬಲ್ ಕ್ಲಾತಿನ ಕತ್ತಲೆ ಮಾತ್ರ.

ಒಂದು ರಾತ್ರಿ ಊಟದ ಮುಂದೆ ಅವನು ಜಗಳ ತೆಗೆದೇಬಿಟ್ಟ. ಎಲ್ಲರೂ ನೋಡುತ್ತಾರೆ ಫೋನು, ಎಂದಿತು ಅವನ ಕೈ. ಬಸ್ಸಿನವನು, ಕಾರಿನವನು, ಪೊಲೀಸಿನವನೂ ನೋಡುತ್ತಾನೆ. ಅವರು ನೋಡುವುದು ಹುಚ್ಚಾಟ. ನಾನು ಮಾತಾಡುವುದು ನಿನ್ನ ಜೊತೆ. ಹದಿನಾರು ವರ್ಷ ಬೆಳಗಿನಿಂದ ರಾತ್ರಿಯವರೆಗೆ ಬಾಯಿ ಕಟ್ಟಿಕೊಂಡಿದ್ದೆವು. ಮತ್ತೆ ಹಾಗೇ ಇರಬೇಕಾ? ನ್ಯೂಟ್ರಲ್ ಮಾಡದೆ ಇನ್ನೊಮ್ಮೆ ಕೈ ಬಿಡುವುದಿಲ್ಲ, ಆಣೆ.

ಕರೀಮಾಬಿ ಎದ್ದು ಹೋಗಿ ಒಂದು ದುಪ್ಪಟ್ಟ ತಂದಳು. ತನ್ನ ಬಲಗೈಯನ್ನು ಮೊಣಕೈಯಿಂದ ಬೆರಳಿನವರೆಗೆ ಬಿಗಿಯಾಗಿ ಸುತ್ತಿಕೊಂಡು ಹಲ್ಲಿನಲ್ಲಿ ಗಂಟು ಎಳೆದಳು. ಆಮೇಲೆ ಎಡಗೈ ಒಂದರಲ್ಲೇ ಮಾತಾಡತೊಡಗಿದಳು. ಅವಳು ಏನು ಹೇಳುತ್ತಿದ್ದಾಳೆಂದು ಅವನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಮತ್ತೆ ಹೇಳು ಎಂದ. ಮತ್ತೆ ಹೇಳಿದಳು. ಆಗಲೂ ತಿಳಿಯಲಿಲ್ಲ. ಊಟ ಬಡಿಸಿದ್ದು, ಪಾತ್ರೆ ಎತ್ತಿದ್ದು, ಹಾಸಿಗೆ ಹಾಸಿದ್ದು ಎಲ್ಲ ಎಡಗೈಯಲ್ಲೇ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವಳು ಅವನ ಮುಂದೆ ಮೂಕಿಯಾಗಿ ಕೂತಿದ್ದಳು. ಮಲಗುವ ಮುಂಚೆ ಅವನೇ ಗಂಟು ಬಿಚ್ಚಿದ. ಬಿಚ್ಚಿದ ಕೈ ಕೆನ್ನೆಗೆ ಹೋಯಿತು, ಕಣ್ಣು ಮುಚ್ಚಿತು: ಭಾನುವಾರ. ಆಮೇಲೆ ಮಣಿಕಟ್ಟು ಮುಟ್ಟಿ ತೋರಿಸಿದಳು. ಅವರ ಮನೆಗೆ ಕರೆದುಕೊಂಡು ಹೋಗು.

ಆ ಭಾನುವಾರ ಇಬ್ಬರೂ ಬಸ್ಸಿಗೆ ಶಿವಮೊಗ್ಗಕ್ಕೆ ಬಂದು, ಮುನ್ನಾನ ಗ್ಯಾರೇಜಿನಿಂದ ಆಟೋ ತೆಗೆದುಕೊಂಡು ಸೋಗಾನೆಗೆ ಹೋದರು. ಅಪಘಾತವಾಗಿ ಹನ್ನೊಂದು ದಿನ ಆಗಿತ್ತು.

ಉಚ್ಚಂಗಮ್ಮ ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಸೊಸೆ ಅನುಷಾ ಹರಿವೆ ಸೊಪ್ಪನ್ನು ರಾಶಿ ಹಾಕಿಕೊಂಡು ಬಾಳೆ ನಾರಿನಲ್ಲಿ ಕಟ್ಟು ಕಟ್ಟುತ್ತಿದ್ದಳು. ಕಟ್ಟುಗಳು ಒಂದು ದಪ್ಪ, ಒಂದು ಸಣ್ಣ. ಅತ್ತೆ ಅದನ್ನು ಹೇಳದೆ ಇರಲು ಬಹಳ ಕಷ್ಟಪಡುತ್ತಿದ್ದಂತೆ ಕಂಡಿತು.

"ಬನ್ನಿ ಸಾಬ್ರೇ. ಇವ್ರು ಮನೆಯವ್ರಾ? ಕೂತ್ಕಳವ್ವ," ಎಂದಳು ಉಚ್ಚಂಗಮ್ಮ. "ನೋಡಿ ನನ್ ಅವಸ್ಥೆ. ಮೂವತ್ತು ವರ್ಷ ಗಾಂಧಿ ಬಜಾರಲ್ಲಿ ಸೊಪ್ಪು ಮಾರ್ದೋಳು. ಈಗ ಮನೆ ಮುಂದೆ ಕೋಳಿ ಕಾಯ್ತಾ ಇದೀನಿ."

"ಮಾರಿದ್ದು ಸಾಕು ಬಿಡಿ ಅತ್ತೆ," ಎಂದಳು ಅನುಷಾ, ಪ್ರೀತಿಯಿಂದಲೇ. "ಅವತ್ತು ಆಟೋ ಆಗಿದ್ದಕ್ಕೆ ಕೈಗೆ ಹೋಯ್ತು. ಬಸ್ಸಾಗಿದ್ರೆ? ಕಣ್ಣು ಮಂದ ಆಗಿದೆ ಅಂದ್ರೆ ಇವ್ರು ಒಪ್ಪಲ್ಲ ಅಣ್ಣ."

"ಒಪ್ಪಿದೀನಲ್ಲೇ ಈಗ," ಎಂದಳು ಉಚ್ಚಂಗಮ್ಮ.

ಕರೀಮಾಬಿ ಆ ಸಿಮೆಂಟ್ ಪಟ್ಟಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಒಮ್ಮೆ ಹಿಡಿದು ಬಿಟ್ಟಳು. ಎದುರಿಗೆ ಕೂತು ಹೇಳಿದಳು. ನಿಮ್ಮ ತಪ್ಪಲ್ಲ. ನಾನು ಫೋನಿನಲ್ಲಿದ್ದೆ. ನಾನು ಕೇಳಿದೆ, ಇವನು ಹೇಳಿದ, ಕೈ ಬಿಟ್ಟ. ಹೇಳಿ ಮುಗಿಸಿ ಗಂಡನ ಕಡೆ ನೋಡಿದಳು.

"ಏನಂತಾರೆ?" ಎಂದಳು ಉಚ್ಚಂಗಮ್ಮ.

ಪೀರ್ ಬಾಷಾ ಹೆಂಡತಿಯ ಕಡೆ ನೋಡದೆ ಹೇಳಿದ. "ಬೇಗ ವಾಸಿಯಾಗ್ಲಿ ಅಂತಾಳಮ್ಮ."

"ಆಗ್ಲವ್ವ. ದೊಡ್ಡ ಮನಸ್ಸು ನಿಂದು," ಎಂದು ಉಚ್ಚಂಗಮ್ಮ ನಕ್ಕು ತಲೆಯಾಡಿಸಿದಳು.

ಕರೀಮಾಬಿ ಆ ನಗುವನ್ನು ನೋಡಿದಳು. ಹುಟ್ಟಿದಾಗಿನಿಂದ ಮುಖಗಳನ್ನೇ ಓದಿಕೊಂಡು ಬಂದವಳು ಅವಳು. ತಾನು ಹೇಳಿದ್ದನ್ನು ಕೇಳಿದ ಮುಖ ಇದಲ್ಲ ಎಂದು ತಿಳಿಯಲು ಅವಳಿಗೆ ಕಿವಿ ಬೇಕಾಗಿರಲಿಲ್ಲ. ಗಂಡನ ಕಡೆ ತಿರುಗಿದಳು. ಕೋಪವಿರಲಿಲ್ಲ ಆ ನೋಟದಲ್ಲಿ. ಬೀದಿಯಲ್ಲಿ ಎರಡು ಗಂಟೆ ನಿಂತು ಅವನಿಗಾಗಿ ಕಾದ ದಿನ ಅವಳು ಹೇಗೆ ನೋಡಿದ್ದಳೋ ಹಾಗೆ ನೋಡಿದಳು.

ಅಷ್ಟರಲ್ಲಿ ವಿಮಾನ ಬಂತು. ಸೋಗಾನೆಗೆ ವಿಮಾನ ನಿಲ್ದಾಣ ಬಂದ ಮೇಲೆ ಊರಿನ ಮಾತುಕತೆಗಳೆಲ್ಲ ದಿನಕ್ಕೆ ಕೆಲವು ಸಲ ನಡುವೆಯೇ ನಿಲ್ಲುತ್ತವೆ. ಹೆಂಚು ನಡುಗುವಂತೆ ಸದ್ದು ಮಾಡುತ್ತಾ ಅದು ತೆಂಗಿನ ಮರಗಳ ಮೇಲೆ ಇಳಿಯುವಾಗ ಅನುಷಾ ಕಿವಿ ಮುಚ್ಚಿಕೊಂಡಳು, ಉಚ್ಚಂಗಮ್ಮ ಹೇಳುತ್ತಿದ್ದುದನ್ನು ಬಾಯಲ್ಲೇ ಇಟ್ಟುಕೊಂಡಳು. ಆ ಸದ್ದಿನಲ್ಲಿ ಮಾತಾಡಬಲ್ಲವರು ಇದ್ದದ್ದು ಒಬ್ಬರೇ. ಕರೀಮಾಬಿ ಉಚ್ಚಂಗಮ್ಮನ ಕಡೆಗೇ ತಿರುಗಿ, ಈ ಸಲ ಬಹಳ ನಿಧಾನವಾಗಿ, ಮಗುವಿಗೆ ತೋರಿಸಿದಂತೆ ತೋರಿಸಿದಳು. ಗಂಡನ ಜೇಬಿನ ಫೋನು ತೆಗೆದು ಮುಂದೆ ಇಟ್ಟಳು. ಎಡಮುಷ್ಟಿ ಬಿಗಿದು ಕ್ಲಚ್ ಹಿಡಿದಳು. ಫೋನು ನೋಡಿ ನಕ್ಕಳು, ಮುಷ್ಟಿ ಬಿಟ್ಟು ಎರಡೂ ಅಂಗೈ ತೆರೆದಳು. ಒಮ್ಮೆ ಕೂತಲ್ಲೇ ಮುಂದಕ್ಕೆ ಜಿಗಿದಳು. ಆಮೇಲೆ ಉಚ್ಚಂಗಮ್ಮನ ಮುರಿದ ಕೈಯನ್ನು ತೋರಿಸಿ, ತನ್ನ ಎದೆ ಮುಟ್ಟಿಕೊಂಡು, ಗಂಡನ ಎದೆ ಮುಟ್ಟಿದಳು.

ಸದ್ದು ಅಡಗಿತು. ಉಚ್ಚಂಗಮ್ಮ ಅವಳ ಕೈಗಳನ್ನು ಬಿಟ್ಟು ಪೀರ್ ಬಾಷಾನ ಕಡೆ ತಿರುಗಿದಳು.

"ಈಗ ಹೇಳಿ ಸಾಬ್ರೇ," ಎಂದಳು. "ಸರಿಯಾಗಿ ಹೇಳಿ."

ಪೀರ್ ಬಾಷಾ ತಲೆ ತಗ್ಗಿಸಿದ. "ಕೇಬಲ್ ಕಟ್ಟಾಗಿರ್ಲಿಲ್ಲಮ್ಮ. ಗೇರ್ ಹಾಕಿ ಕ್ಲಚ್ ಹಿಡ್ಕೊಂಡು ಫೋನಲ್ಲಿ ಇವಳ ಜೊತೆ ಮಾತಾಡ್ತಾ ಇದ್ದೆ. ನಾವು ಕೈಯಲ್ಲೇ ಮಾತಾಡ್ಬೇಕಲ್ಲ. ಕೈ ಬಿಟ್ಟೆ. ಗಾಡಿ ಹಾರ್ತು."

"ಆಗ ಎಷ್ಟಿತ್ತು ಅಂಕಿ?"

"ಐದೋ ಆರೋ ಇತ್ತು. ನೀವು ದಾಟಿ ಮುಗಿಸ್ತಿದ್ರಿ. ನಿಮ್ಮದೇನೂ ತಪ್ಪಿರ್ಲಿಲ್ಲ."

ಬೈಗುಳ ಬರುತ್ತದೆ ಎಂದು ಅವನು ಕಾದ. ಉಚ್ಚಂಗಮ್ಮ ಅವನನ್ನು ಬಿಟ್ಟು ಸೊಸೆಯ ಕಡೆ ತಿರುಗಿದಳು.

"ಕೇಳಿಸ್ಕೊಂಡೇನೇ ಅನುಷಾ? ಐದೋ ಆರೋ ಇತ್ತಂತೆ. ನನ್ ಕಣ್ಣು ಸರಿಯಾಗೈತೆ."

ಅನುಷಾ ಕೈಯಲ್ಲಿದ್ದ ಕಟ್ಟನ್ನು ಹಾಗೇ ಹಿಡಿದುಕೊಂಡು ಕೂತಳು. ಅವಳ ಮುಖ ಕೆಂಪಾಗಿತ್ತು, ಅದು ಯಾರ ಮೇಲಿನ ಸಿಟ್ಟೆಂದು ಅವಳಿಗೇ ಖಚಿತವಿದ್ದಂತಿರಲಿಲ್ಲ. "ಅಲ್ಲ ಅಣ್ಣ, ಅವತ್ತು ನಮ್ಮ ಯಜಮಾನ್ರು ನಿಮಗೆ ಕೈ ಮುಗಿದು ಬಂದ್ರು," ಎಂದಳು. "ಇಷ್ಟು ದಿನ ನಾವು ಅತ್ತೆಯನ್ನೇ ಬೈಕೊಂಡು ಕೂತಿದೀವಿ."

"ಬೈದಿದ್ದು ಇರ್ಲಿ," ಎಂದಳು ಉಚ್ಚಂಗಮ್ಮ. ಅವಳ ದನಿ ಈಗ ಇಳಿದಿತ್ತು. "ಹನ್ನೊಂದು ದಿನದಿಂದ ನಾನೇ ನನ್ ಕಣ್ಣನ್ನ ನಂಬ್ತಿರ್ಲಿಲ್ಲ ಮಾರಾಯ. ಬೆಳಗಾಗೆದ್ದು ಬೆರಳು ಮುಂದೆ ಹಿಡ್ಕೊಂಡು ಎಣಿಸಿ ನೋಡ್ತಿದ್ದೆ, ಐದು ಕಾಣ್ತಾವೋ ಇಲ್ವೋ ಅಂತ. ಮೂಳೆ ಏನೋ ಕೂಡ್ಕೊಳ್ಳುತ್ತೆ. ಬಾಯಿ ಇರೋನು ನೀನು. ಆ ಒಂದು ಮಾತು ಆಸ್ಪತ್ರೆಲೇ ಹೇಳಿದ್ರೆ ಆಗ್ತಿರ್ಲಿಲ್ವಾ?"

ಪೀರ್ ಬಾಷಾ "ತಪ್ಪಾಯ್ತಮ್ಮ" ಎಂದ. ಅದನ್ನೇ ಕೈಯಲ್ಲೂ ಹೇಳಿದ, ಹೆಂಡತಿಗೆ ಕಾಣುವಂತೆ.

ಕರೀಮಾಬಿ ಆಗಲೇ ಅನುಷಾಳ ಪಕ್ಕಕ್ಕೆ ಸರಿದು ಸೊಪ್ಪಿನ ರಾಶಿಗೆ ಕೈ ಹಾಕಿದ್ದಳು. ಕುಚ್ಚು ಕಟ್ಟುವ ಬೆರಳುಗಳಿಗೆ ಬಾಳೆ ನಾರು ಹೊಸದಾದರೂ ಎರಡನೇ ಕಟ್ಟಿಗೆ ಹದ ಸಿಕ್ಕಿತು. ಹತ್ತು ಕಟ್ಟುಗಳು ಒಂದೇ ಅಳತೆಗೆ ಸಾಲಾಗಿ ಕೂತದ್ದನ್ನು ಉಚ್ಚಂಗಮ್ಮ ಬಗ್ಗಿ ನೋಡಿದಳು. "ಇವ್ಳಿಗೆ ಬರುತ್ತೆ ನೋಡು ಕೆಲಸ," ಎಂದು ಸೊಸೆಗೆ ಹೇಳಿ, ಅಷ್ಟು ದಿನ ತಡೆದುಕೊಂಡದ್ದನ್ನು ಹೊರಗೆ ಹಾಕಿದಳು.

ಹೊರಡುವಾಗ ಪೀರ್ ಬಾಷಾ, "ಪಟ್ಟಿ ಬಿಚ್ಚಿದ ಮೇಲೆ ಪೇಟೆಗೆ ನಾನೇ ಬಂದು ಕರ್ಕೊಂಡು ಹೋಗ್ತೀನಮ್ಮ," ಎಂದ.

"ಏನೂ ಬೇಡ, ಬಸ್ ಐತೆ. ಸರ್ಕಲ್ಲಲ್ಲಿ ನಾನು ದಾಟುವಾಗ ನನ್ನನ್ನ ನೋಡು. ಅಷ್ಟು ಮಾಡು ಸಾಕು."

ಗೋಪಿ ಸರ್ಕಲ್ ತಲುಪುವ ಹೊತ್ತಿಗೆ ಸಂಜೆಯಾಗಿತ್ತು. ಕೆಂಪು ದೀಪ. ಸುತ್ತ ತಲೆಗಳು ಬಾಗಿದವು. ಬಿಳಿ ಪಟ್ಟೆಯ ಮೇಲೆ ಒಬ್ಬಳು ತಾಯಿ ಮಗುವನ್ನು ಎಳೆದುಕೊಂಡು ದಾಟುತ್ತಿದ್ದಳು. ಪೀರ್ ಬಾಷಾ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಅವರಿಬ್ಬರನ್ನೂ ಫುಟ್‌ಪಾತಿನವರೆಗೆ ಕಣ್ಣಿನಲ್ಲೇ ಕಳಿಸಿಬಂದ. ಕನ್ನಡಿಯಲ್ಲಿ ಹೆಂಡತಿ ಕಂಡಳು. ಹೇಳಬೇಕಾದ್ದು ಎದೆಯ ತುಂಬ ಇತ್ತು. ಅವಳು ಬೇಕೆಂದೇ ಆಚೆ ಅಂಗಡಿಗಳ ಕಡೆ ಮುಖ ಮಾಡಿ ಕೂತಿದ್ದಳು.

ಆನಂದ ಬದಿಗೆ ಬಂದು ನಿಂತ. "ಏನ್ ಬಾಷಾ, ಕೇಬಲ್ ಸರಿಯಾಯ್ತಾ?"

"ಕೇಬಲ್ ಯಾವತ್ತೂ ಸರಿಯಾಗೇ ಇತ್ತು ಸರ್. ಅವತ್ತು ನಾನು ಫೋನಲ್ಲಿದ್ದೆ. ಆ ಅಮ್ಮಂದು ತಪ್ಪಿರ್ಲಿಲ್ಲ, ನೀವು ಸುಮ್ನೆ ಬೈದ್ರಿ."

ಆನಂದ ಏನೋ ಹೇಳಲು ಹೊರಡುವಷ್ಟರಲ್ಲಿ ಹಸಿರು ಬಿತ್ತು, ಹಿಂದಿನವರು ಹಾರ್ನು ಹೊಡೆದರು. ಪೀರ್ ಬಾಷಾ ಸರ್ಕಲ್ ದಾಟಿ, ಸ್ವಲ್ಪ ಮುಂದೆ ಮುಚ್ಚಿದ ಅಂಗಡಿಯೊಂದರ ಮುಂದೆ ಗಾಡಿಯನ್ನು ರಸ್ತೆಯಿಂದ ಪೂರಾ ಕೆಳಗಿಳಿಸಿ ಎಂಜಿನ್ ಆಫ್ ಮಾಡಿದ. ಸೀಟಿನಲ್ಲೇ ಹಿಂದಕ್ಕೆ ತಿರುಗಿ ಕೂತ. ಕರೀಮಾಬಿಯ ಹುಬ್ಬು ಮೇಲೇರಿತು. ಯಾಕೆ ನಿಂತೆ?

ಮಾತಾಡೋಣ ಎಂದು, ಎಂದವು ಅವನ ಕೈಗಳು.

ಅವಳು ರಸ್ತೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ನಾಳೆಯೂ ಹೀಗೇ ಗಾಡಿ ನಿಲ್ಲಿಸಿ ಫೋನು ಮಾಡಿದರೆ ಎತ್ತುತ್ತೇನೆ, ಎಂದಳು. ಬಾಡಿಗೆ ತಪ್ಪುತ್ತದಲ್ಲ ಎಂದು ಅವನೇ ಹೇಳಿಯಾನೆಂದು ಒಂದು ಕ್ಷಣ ಕಾದಳು. ಅವನು ಹೇಳಲಿಲ್ಲ. ಆಗ ಅವಳು ದುಪ್ಪಟ್ಟ ಹಿಂದಕ್ಕೆ ಸರಿಸಿ ಸೀಟಿನ ತುದಿಗೆ ಬಂದು ಕೂತಳು. ವಿಮಾನದ ಸದ್ದು ಹೇಗಿರುತ್ತದೆ ಎಂದು ಕೇಳಿದಳು.

ಅದನ್ನು ಕೈಯಲ್ಲಿ ಹೇಳುವುದು ಸುಲಭವಿರಲಿಲ್ಲ. ಪೀರ್ ಬಾಷಾ ಹೆಂಚು ನಡುಗಿಸಿದ, ಅನುಷಾಳ ಹಾಗೆ ಕಿವಿ ಮುಚ್ಚಿದ, ಎದೆಗೆ ಮುಷ್ಟಿಯಿಂದ ಗುದ್ದಿಕೊಂಡ. ಕರೀಮಾಬಿ ನಗತೊಡಗಿದಳು. ಪಕ್ಕದಲ್ಲಿ ಬಸ್ಸುಗಳು, ಕಾರುಗಳು ಹೋಗುತ್ತಲೇ ಇದ್ದವು. ಎಷ್ಟು ಹೊತ್ತು ನಿಲ್ಲುತ್ತೀಯಾ ಇಲ್ಲಿ, ಎಂದು ಅವಳು ನಗುತ್ತಲೇ ಕೇಳಿದಳು.

ನೀನು ಮುಗಿಸುವ ತನಕ, ಎಂದ ಅವನು.